ಮಾಸ್ಟ್ 63 ಅಡಿ 3 ಇಂಚು, ಸೇತುವೆ 65 ಅಡಿ: ನಾರ್ಫಕ್‌ನಿಂದ ದಕ್ಷಿಣಕ್ಕೆ ಒಳದಾರಿಯಲ್ಲಿ ಹೋಗಬಹುದೇ?

ಚುಕ್ಕಾಣಿ

ಎಲ್ಲರಿಗೂ ನಮಸ್ಕಾರ. 42 ಅಡಿಯ ಹಳೆಯ ಹಾಯಿದೋಣಿಯೊಂದನ್ನು ನೋಡಿ ಬಂದಿದ್ದೇವೆ, ಮಾತುಕತೆ ಮುಕ್ಕಾಲು ಭಾಗ ಮುಗಿದಿದೆ. ದೋಣಿ ಈಗ ಚೆಸಪೀಕ್ ಕೊಲ್ಲಿಯಲ್ಲಿದೆ. ಅಕ್ಟೋಬರ್ ಕೊನೆಗೆ ನಾರ್ಫಕ್ ಬಿಟ್ಟು, ಕರಾವಳಿಯುದ್ದಕ್ಕೂ ನದಿ, ಕಾಲುವೆಗಳ ಒಳದಾರಿಯಾದ ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ಜಲಮಾರ್ಗದಲ್ಲೇ ಫ್ಲಾರಿಡಾಕ್ಕೆ ಇಳಿಯಬೇಕೆಂಬ ಆಸೆ. ಹ್ಯಾಟರಸ್ ಭೂಶಿರ ಸುತ್ತಿಕೊಂಡು ಹೊರಸಮುದ್ರದಲ್ಲಿ ರಾತ್ರಿಯಿಡೀ ಸಾಗುವಷ್ಟು ಅನುಭವ ನಮ್ಮಿಬ್ಬರಿಗೂ ಇನ್ನೂ ಇಲ್ಲ.

ಮಾರುವವರು ಕೊಟ್ಟ ವಿವರಪಟ್ಟಿಯಲ್ಲಿ ನೀರಿನ ಮಟ್ಟದಿಂದ ಮಾಸ್ಟ್‌ನ, ಅಂದರೆ ಹಾಯಿ ಕಟ್ಟುವ ಕಂಬದ ಎತ್ತರ 63 ಅಡಿ 3 ಇಂಚು ಎಂದಿದೆ. ಈ ದಾರಿಯ ಸ್ಥಿರ ಸೇತುವೆಗಳೆಲ್ಲ 65 ಅಡಿ ಎಂದು ಓದಿದ್ದೇನೆ. ಉಳಿಯುವುದು 1 ಅಡಿ 9 ಇಂಚು. ಇದು ಸಾಕೇ? ಮಯಾಮಿ ದಾಟಿ ಕೀಸ್ ದ್ವೀಪಗಳವರೆಗೂ ಹೋಗುವ ಯೋಚನೆ ಇದೆ.

ಲಂಗರು

ಮೊದಲು ಒಂದು ಪ್ರಶ್ನೆ. 63 ಅಡಿ 3 ಇಂಚು ಎಲ್ಲಿಯವರೆಗೆ? ಕಂಬದ ತುದಿಯವರೆಗೋ, ಅದರ ಮೇಲಿರುವ ದೀಪ, ಗಾಳಿ ಅಳೆಯುವ ಗಾಳಿಯಂತ್ರ, ಆಂಟೆನಾ ಎಲ್ಲ ಸೇರಿಯೋ? ತಯಾರಕರ ಪಟ್ಟಿಯಲ್ಲಿ ಬಹುತೇಕ ಬರಿಯ ಕಂಬದ ಲೆಕ್ಕವೇ ಇರುತ್ತದೆ. ದೋಣಿಯ ರೇಡಿಯೋಗೆ ಹಾಕುವ ಮಾಮೂಲಿ ವಿಎಚ್‌ಎಫ್ ಆಂಟೆನಾ ಒಂದೇ ಸುಮಾರು 3 ಅಡಿ. ಅದನ್ನು ಸೇರಿಸಿದರೆ ನೀವು ಈಗಾಗಲೇ 66 ದಾಟಿದ್ದೀರಿ.

ಆ ಲೆಕ್ಕ ಖಾಲಿ ದೋಣಿಯದೋ, ಸಾಮಾನು ತುಂಬಿದ ದೋಣಿಯದೋ ಎನ್ನುವುದೂ ಅದರಲ್ಲಿ ಇರುವುದಿಲ್ಲ. ಮುಂಗಡ ಕೊಡುವ ಮೊದಲು ನೀವೇ ಅಳೆಯಿರಿ.

ಕಡಲಹಕ್ಕಿ

ಅಳೆಯುವ ಬಗೆ ಹೇಳುತ್ತೇನೆ, ಏಕೆಂದರೆ ಇದನ್ನು ಅರ್ಧಂಬರ್ಧ ಮಾಡುವವರೇ ಹೆಚ್ಚು.

ಗಾಳಿಯಿಲ್ಲದ ಬೆಳಗ್ಗೆ ನೋಡಿಕೊಳ್ಳಿ. ಉದ್ದದ ಟೇಪನ್ನು ಹ್ಯಾಲ್ಯಾರ್ಡ್‌ಗೆ, ಅಂದರೆ ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಹಗ್ಗ ಹೋಗಿ ನಿಲ್ಲುವುದು ರಾಟೆಯ ಹತ್ತಿರ. ಕಂಬದ ತುದಿ ಅದಕ್ಕಿಂತ ಕೆಲವು ಇಂಚು ಮೇಲಿರುತ್ತದೆ. ಶ್ಯಾಕಲ್, ಗಂಟು, ಟೇಪಿನ ಕೊಕ್ಕೆ ಇವೆಲ್ಲ ಇನ್ನಷ್ಟು ಇಂಚು ತಿನ್ನುತ್ತವೆ. ಇಲ್ಲಿ ಕಳೆದುಹೋದ ಅರ್ಧ ಅಡಿಯೇ ಮುಂದೆ ಸೇತುವೆಯಡಿ ಬೇಕಾಗುತ್ತದೆ. ಆದ್ದರಿಂದ ರಿಗ್ಗಿಂಗ್, ಅಂದರೆ ಮಾಸ್ಟ್ ಮತ್ತು ಅದರ ಹಗ್ಗಗಳ ಕೆಲಸ ಬಲ್ಲವರೊಬ್ಬರನ್ನು ಹಗ್ಗದಲ್ಲಿ ಎಳೆಯುವ ಕುರ್ಚಿಯಲ್ಲಿ ಮೇಲೆ ಕಳಿಸಿ. ಟೇಪಿನ ತುದಿಯನ್ನು ಅವರು ಕಂಬದ ಮೇಲಿನ ಫಲಕಕ್ಕೆ ಸರಿಯಾಗಿ ಹಿಡಿಯಲಿ. ಕೆಳಗೆ ನೀವು ಡೆಕ್ಕಿನವರೆಗೆ ಓದಿ, ಅಲ್ಲಿಂದ ನೀರಿನವರೆಗಿನ ಎತ್ತರವನ್ನು ಬೇರೆಯಾಗಿ ಅಳೆದು ಕೂಡಿಸಿ. ಫಲಕದ ಮೇಲೆ ಏನೇನಿದೆಯೋ ಒಂದೊಂದರ ಎತ್ತರವನ್ನೂ ಅವರೇ ಅಳೆದು ಹೇಳಲಿ: ದೀಪ ಎಷ್ಟು, ಗಾಳಿಯಂತ್ರದ ತೋಳು ಎಷ್ಟು, ಆಂಟೆನಾ ಎಷ್ಟು. ಯಾವುದನ್ನು ಬಿಚ್ಚಬಹುದು, ಯಾವುದು ಬಾಗುತ್ತದೆ, ಯಾವುದು ಮುರಿಯುತ್ತದೆ ಎಂದು ತೀರ್ಮಾನಿಸಲು ಈ ಬಿಡಿ ಅಂಕಿಗಳು ಬೇಕು.

ಅಳೆದದ್ದನ್ನು ಬರೆದು ಚುಕ್ಕಾಣಿಯ ಹತ್ತಿರ ಅಂಟಿಸಿಡಿ. ಸೇತುವೆ ಎದುರು ಬಂದಾಗ ಮನಸ್ಸು ನೆನಪನ್ನು ನಂಬುವುದಿಲ್ಲ.

ಮೂಡಣ

ಸಾಮಾನು ತುಂಬಿ ದೋಣಿಯನ್ನು ತಗ್ಗಿಸಬಹುದಲ್ಲ? ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿದರೆ?

ಕಡಲಹಕ್ಕಿ

ಲೆಕ್ಕ ಹಾಕಿ ನೋಡೋಣ. 42 ಅಡಿಯ ದೋಣಿ ನೀರಿನ ಮಟ್ಟದಲ್ಲಿ ಆವರಿಸುವ ಜಾಗ ಸುಮಾರು 300 ಚದರ ಅಡಿ ಎಂದಿಟ್ಟುಕೊಳ್ಳಿ. ಒಂದು ಇಂಚು ತಗ್ಗಬೇಕಾದರೆ 25 ಘನ ಅಡಿ ನೀರು ಸರಿಯಬೇಕು. ಉಪ್ಪುನೀರು ಘನ ಅಡಿಗೆ 64 ಪೌಂಡ್, ಹಾಗಾಗಿ 1,600 ಪೌಂಡ್ ಹೇರಬೇಕು. ಅಷ್ಟು ಹೇರಿದರೆ ಸಿಗುವುದು ಒಂದೇ ಇಂಚು. 150 ಗ್ಯಾಲನ್ ನೀರು ತುಂಬಿಸಿದರೂ 1,250 ಪೌಂಡ್ ಅಷ್ಟೇ.

ನಾರ್ತ್ ಕ್ಯಾರೊಲೈನಾದ ಒಳಕೊಲ್ಲಿ ಆಲ್ಬೆಮಾರ್ಲ್ ಸೌಂಡ್ ಸುತ್ತಮುತ್ತ ನೀರು ಹೆಚ್ಚುಕಡಿಮೆ ಸಿಹಿ. ಸಿಹಿನೀರಿನಲ್ಲಿ ದೋಣಿ ತುಸು ಆಳಕ್ಕಿಳಿಯುತ್ತದೆ, ಆದರೆ ನಿಮ್ಮ ಗಾತ್ರದ ದೋಣಿಗೆ ಅದು ಅರ್ಧ ಇಂಚೂ ಆಗದು.

ಉಬ್ಬರ

ಮಾಸ್ಟ್‌ನ ವಿಷಯ ಚೆನ್ನಾಗಿ ಬಂತು. ನಾನು ಸೇತುವೆಯ ಕಡೆಯ ಸಂಖ್ಯೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ 65 ಎನ್ನುವುದನ್ನು ಬಾಗಿಲಿನ ಎತ್ತರದಂತೆ ಸ್ಥಿರ ಎಂದುಕೊಂಡು ಹೊರಡುವವರನ್ನು ಕಂಡು ನನಗೆ ನಿಜಕ್ಕೂ ಆತಂಕವಾಗುತ್ತದೆ.

ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ನಕ್ಷೆಗಳಲ್ಲಿ ಸೇತುವೆಯ ಎತ್ತರವನ್ನು ಸರಾಸರಿ ಉಬ್ಬರದ ಮಟ್ಟದಿಂದ ಅಳೆದು ಬರೆದಿರುತ್ತಾರೆ. ಅದು ಎಲ್ಲ ಉಬ್ಬರಗಳ ಸರಾಸರಿ. ಅಂದರೆ ಸರಿಸುಮಾರು ಅರ್ಧದಷ್ಟು ಉಬ್ಬರಗಳು ಅದಕ್ಕಿಂತ ಮೇಲೇರುತ್ತವೆ, ಆಗ ಸೇತುವೆಯಡಿ 65 ಅಡಿ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಅದರ ಮೇಲೆ ಚಂದ್ರ ಭೂಮಿಗೆ ಹತ್ತಿರ ಬಂದ ದಿನಗಳು ಸೇರಿದರೆ ಜಾರ್ಜಿಯಾ ಕರಾವಳಿಯಲ್ಲಿ ಸರಾಸರಿ ಉಬ್ಬರಕ್ಕಿಂತ 2 ಅಡಿ ಮೇಲೆ ನೀರು ಬರುವುದು ಅಪರೂಪವೇನಲ್ಲ.

ಈಗ ನಿಮ್ಮ ಪ್ರಯಾಣದ ತಿಂಗಳು ನೋಡಿ. ಚಂಡಮಾರುತದ ಕಾಲ ಕಳೆಯುವವರೆಗೆ ಉತ್ತರದಲ್ಲೇ ಇರಬೇಕೆಂದು ಹಲವು ವಿಮಾ ಕರಾರುಗಳು ಹೇಳುವುದರಿಂದ ಎಲ್ಲರೂ ಇಳಿಯುವುದು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ. ಆಗ್ನೇಯ ಕರಾವಳಿಯಲ್ಲಿ ಸಮುದ್ರದ ಮಟ್ಟ ವರ್ಷದಲ್ಲೇ ಅತಿ ಎತ್ತರದಲ್ಲಿರುವುದೂ ಶರತ್ಕಾಲದಲ್ಲೇ. ಬೇಸಿಗೆಯಿಡೀ ಕಾದ ನೀರು ಹಿಗ್ಗಿರುತ್ತದೆ, ಗಲ್ಫ್ ಸ್ಟ್ರೀಮ್‌ನ ವೇಗದ ಏರಿಳಿತ, ಈಶಾನ್ಯದ ಗಾಳಿ ಎಲ್ಲ ಸೇರಿ ನೀರನ್ನು ದಡಕ್ಕೆ ಒತ್ತುತ್ತವೆ. ವರ್ಷದ ದೊಡ್ಡ ಉಬ್ಬರಗಳು ಬರುವುದೂ ಅದೇ ಹೊತ್ತಿಗೆ. ದೋಣಿಗಳ ಸಾಲು ಹಾದುಹೋಗುವ ವಾರಗಳಲ್ಲೇ ಸೇತುವೆಗಳು ಅತ್ಯಂತ ತಗ್ಗಾಗಿರುತ್ತವೆ.

ಇನ್ನೊಂದಿದೆ. ಆ ಸರಾಸರಿ ಯಾವ ವರ್ಷಗಳದು? 1983ರಿಂದ 2001ರವರೆಗಿನದು. ಅದರ ನಡುವಿನ ವರ್ಷ 1992. ಚಾರ್ಲ್ಸ್‌ಟನ್‌ನಲ್ಲಿ ಸಮುದ್ರ ವರ್ಷಕ್ಕೆ ಸುಮಾರು 3.4 ಮಿಲಿಮೀಟರಿನಂತೆ ಏರಿದೆ. ಮೂರು ದಶಕಕ್ಕೆ 10 ಸೆಂಟಿಮೀಟರ್, ಅಂದರೆ 4 ಇಂಚು. ಆ ಲೆಕ್ಕದಿಂದಾಚೆಗೆ ಬಂದ 4 ಇಂಚು ನೀರು ನಕ್ಷೆಯ 65ರಲ್ಲಿ ಸೇರಿಲ್ಲ.

ಚುಕ್ಕಾಣಿ

ಇದು ನನಗೆ ಪೂರ್ತಿ ಹೊಸದು. ಹಾಗಾದರೆ ಆ ದಿನ, ಆ ಗಂಟೆಗೆ ಎಷ್ಟು ಜಾಗ ಇದೆಯೆಂದು ತಿಳಿಯುವುದು ಹೇಗೆ?

ಲಂಗರು

ಸೇತುವೆಯ ಕಂಬಗಳ ಪಕ್ಕ, ರಕ್ಷಣೆಗೆ ಹಾಕಿದ ಮರದ ಕಟ್ಟಿನ ಮೇಲೆ ಅಳತೆ ಫಲಕ ಇರುತ್ತದೆ. ನೀರು ಯಾವ ಅಂಕಿಯನ್ನು ಮುಟ್ಟುತ್ತಿದೆಯೋ ಅಷ್ಟು ಅಡಿ ಈಗ ಸೇತುವೆಯಡಿ ಇದೆ. ನೀರು ಏರಿದಂತೆ ಅಂಕಿ ಕಡಿಮೆಯಾಗುತ್ತ ಹೋಗುತ್ತದೆ. ನಕ್ಷೆ, ಉಬ್ಬರದ ಪಟ್ಟಿ, ಗಾಳಿಯ ಊಹೆ ಎಲ್ಲಕ್ಕಿಂತ ಈ ಫಲಕದ ಮಾತೇ ದೊಡ್ಡದು. ಬೈನಾಕ್ಯುಲರ್ ಕೈಯಲ್ಲಿರಲಿ. ಕೆಳಗಿನ ಅಂಕಿಗಳನ್ನು ಪಾಚಿ, ಬಾರ್ನಕಲ್ ಮುಚ್ಚಿರುತ್ತವೆ. ಎಲ್ಲೋ ಫಲಕವೇ ಮುರಿದುಹೋಗಿರುತ್ತದೆ. ಅಲೆ ಇದ್ದರೆ ಅದು ಮುಟ್ಟುವ ಅತಿ ಮೇಲಿನ ಗೆರೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಫಲಕ ಹೇಳುವುದು ಸಾಮಾನ್ಯವಾಗಿ ದೋಣಿದಾರಿಯ ಮೇಲಿನ ಅತಿ ತಗ್ಗಿನ ಉಕ್ಕಿನ ಎತ್ತರ. ಕಮಾನಿನಂತಿರುವ ಸೇತುವೆಗಳಲ್ಲಿ ನಡುವೆ ಇನ್ನೊಂದಿಷ್ಟು ಸಿಗುತ್ತದೆ. ಆದರೆ ನಟ್ಟನಡುವೆ ಹಸಿರು ದೀಪ ನೇತುಹಾಕಿರುತ್ತಾರೆ, ಕೆಲವು ಕಡೆ ಅದು ಸೇತುವೆಯ ಉಕ್ಕಿನ ತೊಲೆಗಿಂತ (ಗರ್ಡರ್) ಕೆಳಗೆ ಜೋತಿರುತ್ತದೆ. ಮಾಸ್ಟ್ ಅದಕ್ಕೆ ನೇರವಾಗಿ ಹೋಗದಂತೆ ಎರಡು ಮೂರು ಅಡಿ ಪಕ್ಕಕ್ಕೆ ಹಿಡಿಯಿರಿ. ರಿಪೇರಿಗೆ ಅಟ್ಟಣಿಗೆ ಕಟ್ಟಿದಾಗಲೂ ಎತ್ತರ ಕಡಿಮೆಯಾಗುತ್ತದೆ. ಕೋಸ್ಟ್ ಗಾರ್ಡ್‌ನ ಸ್ಥಳೀಯ ನಾವಿಕ ಸೂಚನೆಗಳಲ್ಲಿ ಅದನ್ನು ಪ್ರಕಟಿಸುತ್ತಾರೆ, ಹೊರಡುವ ಮುನ್ನ ನೋಡಿ.

ಹರಿಗೋಲು

ಕೆಳಗೆ ನಿಂತು ನೋಡಿದರೆ 5 ಅಡಿ ಜಾಗ ಇದ್ದರೂ ಮಾಸ್ಟ್ ತಗಲಿಯೇ ಬಿಡುತ್ತದೆ ಎನ್ನಿಸುತ್ತದೆ. ಕೊನೆಯ ಕ್ಷಣದಲ್ಲಿ ಗಾಬರಿಯಾಗಿ ಚುಕ್ಕಾಣಿ ತಿರುಗಿಸಬೇಡಿ. ಫಲಕ ಓದಿ ಲೆಕ್ಕ ಸರಿಯಿದ್ದರೆ ನೇರ ಹೋಗಿ.

ಒಂದೆರಡು ಇಂಚು ಕಡಿಮೆ ಬಿದ್ದರೆ ದೋಣಿಯನ್ನು ವಾಲಿಸಿ ದಾಟಬಹುದು. ನಾಲ್ಕು ಜನ ಒಂದೇ ಅಂಚಿಗೆ ಹೋಗಿ ನಿಂತರೆ ಆಯಿತು.

ಕಡಲಹಕ್ಕಿ

ಹರಿಗೋಲು ಅವರೇ, ಫಲಕದ ಮಾತು ಒಪ್ಪಿದೆ, ನಾಲ್ಕು ಜನರ ಮಾತು ಒಪ್ಪಲಾರೆ. ಇದನ್ನು ನಂಬಿ ಯಾರಾದರೂ ಸೇತುವೆಯಡಿ ನುಗ್ಗಿಬಿಟ್ಟಾರು ಎಂದು ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ.

ದೋಣಿಯ ತೂಕ 25,000 ಪೌಂಡ್, ವಾಲಿದಾಗ ನೆಟ್ಟಗಾಗುವ ಬಲವನ್ನು ಸೂಚಿಸುವ ಮೆಟಾಸೆಂಟರ್ ಎತ್ತರ 4 ಅಡಿ ಎಂದುಕೊಳ್ಳಿ. 180 ಪೌಂಡಿನ ನಾಲ್ವರು ನಡುಗೆರೆಯಿಂದ 6 ಅಡಿ ದೂರ ನಿಂತರೆ ದೋಣಿ ವಾಲುವುದು ಎರಡೂವರೆ ಡಿಗ್ರಿ. ಎರಡೂವರೆ ಡಿಗ್ರಿಗೆ 64 ಅಡಿಯ ಮಾಸ್ಟ್ ತಗ್ಗುವುದು ಮುಕ್ಕಾಲು ಇಂಚು! ಕೊಸೈನಿನ ಗುಣವೇ ಹಾಗೆ, ಮೊದಲ ಕೆಲವು ಡಿಗ್ರಿಗಳಲ್ಲಿ ಏನೂ ಸಿಗುವುದಿಲ್ಲ. ಒಂದಡಿ ತಗ್ಗಬೇಕಾದರೆ 10 ಡಿಗ್ರಿ ವಾಲಬೇಕು, ಎರಡಡಿಗೆ ಸುಮಾರು 15. ಹತ್ತು ಡಿಗ್ರಿಗೆ ಬೂಮನ್ನು, ಅಂದರೆ ಹಾಯಿಯ ಕೆಳಗಿನ ಅಡ್ಡಗಂಬವನ್ನು ಪಕ್ಕಕ್ಕೆ ಚಾಚಿ 13 ಅಡಿ ದೂರದಲ್ಲಿ 1,300 ಪೌಂಡಿಗೂ ಮಿಕ್ಕಿ ತೂಕ ನೇತುಹಾಕಬೇಕು. ಅದು 55 ಗ್ಯಾಲನ್‌ನ ಮೂರು ಪೀಪಾಯಿ ನೀರು. ನಿಮ್ಮ ಬೂಮ್, ಅದನ್ನು ಹಿಡಿದ ಹಗ್ಗ ಇಷ್ಟು ತಾಳುತ್ತದೆಯೇ?

ಹಾಯಿ ಬಿಚ್ಚಿ ಗಾಳಿಯಿಂದ ವಾಲಿಸುವವರೂ ಇದ್ದಾರೆ. ಸೇತುವೆಯಡಿ ಇದ್ದಾಗಲೇ ಗಾಳಿ ನಿಂತರೆ ದೋಣಿ ನೆಟ್ಟಗಾಗುತ್ತದೆ, ಮಾಸ್ಟ್ ಗರ್ಡರಿಗೆ ಬಡಿಯುತ್ತದೆ. ದೊಡ್ಡ ಸೇತುವೆ ತಾನೇ ಗಾಳಿಗೆ ಮರೆ.

ಹರಿಗೋಲು

ಒಪ್ಪಿದೆ ಮೇಡಂ. ಆದರೆ ಫ್ಲಾರಿಡಾದ ಒಕೀಚೋಬಿ ಜಲಮಾರ್ಗದ ಪೋರ್ಟ್ ಮಯಾಕಾದಲ್ಲಿ ರೈಲು ಸೇತುವೆಯನ್ನು ಪೂರ್ತಿ ಎತ್ತಿದರೂ 49 ಅಡಿಯೇ ಇರುವುದು. ಅಲ್ಲಿ ಡೆಕ್ಕಿನ ಮೇಲೆ ನೀರಿನ ಪೀಪಾಯಿ ಇಟ್ಟು ವಾಲಿಸಿ ದಾಟಿಸುವುದನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ.

ಕಡಲಹಕ್ಕಿ

ಮಾಡುತ್ತಾರೆ, ಅದನ್ನೇ ಕಸುಬು ಮಾಡಿಕೊಂಡು ಬಲ್ಲವರು ಜೊತೆಗಿದ್ದಾಗ. ಉಬ್ಬರದ ಸೆಳೆತ ಇರುವ ಕಡೆ, ಮೊದಲ ಸಲ ಹೊರಟ ಇಬ್ಬರು ಮಾಡುವ ಕೆಲಸ ಅದಲ್ಲ.

ಜೋಡಿದೋಣಿ

ಎರಡು ಒಡಲಿನ ಕ್ಯಾಟಮರಾನ್ ಇಟ್ಟುಕೊಂಡವರಿಗೆ ಈ ವಾಲಿಸುವ ದಾರಿಯೂ ಇಲ್ಲ. ನಮಗೆ ಅಳೆದದ್ದೇ ಅಂತಿಮ.

ಲಂಗರು

ಸೆಳೆತದ ಮಾತು ಬಂದಿದ್ದು ಒಳ್ಳೆಯದಾಯಿತು. ಸೇತುವೆಗೆ ಹತ್ತಿರವಾಗುವಾಗ ಸೆಳೆತ ಎದುರಿನಿಂದ ಬರುತ್ತಿರಬೇಕು. ಆಗ ಎಂಜಿನ್ ನಿಧಾನಕ್ಕಿಟ್ಟು ನೆಲದ ಲೆಕ್ಕದಲ್ಲಿ ಇಂಚಿಂಚಾಗಿ ಮುಂದೆ ಹೋಗಬಹುದು. ಆಂಟೆನಾ ತುದಿ ತಗಲಿದ ಸದ್ದು ಕೇಳಿದರೆ ಥ್ರಾಟಲ್ ಇಳಿಸಿದರೆ ಸಾಕು, ನೀರೇ ಹಿಂದಕ್ಕೆ ತರುತ್ತದೆ, ಚುಕ್ಕಾಣಿಯೂ ಹಿಡಿತದಲ್ಲಿರುತ್ತದೆ. ಸೆಳೆತ ಹಿಂದಿನಿಂದ ತಳ್ಳುತ್ತಿದ್ದರೆ ಅನುಮಾನ ಬಂದ ಹೊತ್ತಿಗೆ ಕೈಮೀರಿರುತ್ತದೆ. ರಿವರ್ಸ್ ಹಾಕಿದರೆ ಎಷ್ಟೋ ದೋಣಿಗಳು ಅಡ್ಡ ತಿರುಗಿಬಿಡುತ್ತವೆ, ಮಾಸ್ಟ್ ಮತ್ತು ಅದನ್ನು ಹಿಡಿದ ತಂತಿಗಳು, ಅಂದರೆ ಸ್ಟೇಗಳು, ಸೇತುವೆಗೆ ಒರಗುತ್ತವೆ. ಮಾಸ್ಟ್ ಮುರಿಯುವುದು ಹೀಗೆ. ಜಾಗ ಬಿಗಿ ಇರುವ ಕಡೆ ಹಿಂದಿನ ಸೆಳೆತದಲ್ಲಿ ದಾಟುವುದೇ ಬೇಡ, ಸೆಳೆತ ತಿರುಗುವವರೆಗೆ ಕಾಯಿರಿ.

ಮೋಟಾರುದೋಣಿಗಳ ಅಲೆ ನೆನಪಿರಲಿ. ಪಕ್ಕದಲ್ಲಿ ವೇಗವಾಗಿ ಹಾದವರ ಅಲೆ ನಿಮ್ಮನ್ನು ಒಂದಡಿ ಮೇಲೆತ್ತಬಲ್ಲದು. ವಿಎಚ್‌ಎಫ್‌ನಲ್ಲಿ ಕರೆದು ನಿಧಾನಿಸಲು ಕೇಳಿ, ಇಲ್ಲವೇ ಅವರು ಹೋಗಿ ನೀರು ಸಮನಾಗುವವರೆಗೆ ನಿಲ್ಲಿ.

ಪಡುವಲ

ಇಳಿತಕ್ಕೆ ಕಾದು ದಾಟಿ ಎನ್ನುವುದು ಸುಲಭ. ಆದರೆ ಚುಕ್ಕಾಣಿಯವರ ದೋಣಿಯ ತಳ ಎಷ್ಟು ಆಳಕ್ಕಿದೆ? ಸವಾನಾ ಹತ್ತಿರ ಫೋರ್ಟ್ ಪುಲಾಸ್ಕಿಯಲ್ಲಿ ಉಬ್ಬರ ಇಳಿತದ ಸರಾಸರಿ ಅಂತರ 6.9 ಅಡಿ. ಅಲ್ಲಿ ಅರ್ಧ ಇಳಿತಕ್ಕೆ ಹೋದರೂ ಸೇತುವೆಯಡಿ 3 ಅಡಿಗೂ ಹೆಚ್ಚು ಸಿಗುತ್ತದೆ, ನಿಜ. ಆದರೆ ಜಾರ್ಜಿಯಾದಲ್ಲೇ ಹೆಲ್ ಗೇಟ್, ಲಿಟಲ್ ಮಡ್ ರಿವರ್, ಜೆಕಿಲ್ ಕ್ರೀಕ್‌ಗಳಂಥ ಆಳವಿಲ್ಲದ ಜಾಗಗಳಿವೆ. ಅಲ್ಲಿ 6 ಅಡಿ ತಳದ ದೋಣಿಗೆ ಏರುವ ನೀರು ಬೇಕು. ಜೆಕಿಲ್‌ನಲ್ಲಂತೂ ತೆಳುನೀರೂ ಇದೆ, 65 ಅಡಿಯ ಸೇತುವೆಯೂ ಇದೆ. ಮಾಸ್ಟ್ ಇಳಿತ ಕೇಳುತ್ತದೆ, ಕೀಲ್ ಉಬ್ಬರ ಕೇಳುತ್ತದೆ. ಎರಡಕ್ಕೂ ಹೊಂದುವ ಹೊತ್ತು ಇಳಿತ ಮುಗಿದು ನೀರು ಏರತೊಡಗಿದ ಮೇಲಿನ ಎರಡು ಮೂರು ಗಂಟೆ. ನೆಲ ತಗಲಿದರೂ ಏರುವ ನೀರು ಎತ್ತಿಬಿಡುತ್ತದೆ.

ಅಂದಾಜಿಗೆ ಹನ್ನೆರಡರ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ನೀರು ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ. 7 ಅಡಿ ಅಂತರದಲ್ಲಿ ಮೊದಲ ಎರಡು ಗಂಟೆಗೆ ಪೌಣೆ ಎರಡು ಅಡಿ, ಮುಂದಿನ ಎರಡೇ ಗಂಟೆಗೆ ಮೂರೂವರೆ ಅಡಿ. ನಡುವಿನ ಆ ಗಂಟೆಗಳಲ್ಲಿ ತಡಮಾಡಿದರೆ ಸೇತುವೆಯ ಜಾಗ ಕಣ್ಣೆದುರೇ ಕರಗುತ್ತದೆ.

ಚುಕ್ಕಾಣಿ

ತಳ 5 ಅಡಿ 10 ಇಂಚು. ನೀವು ಹೇಳಿದ್ದನ್ನು ಬರೆದಿಟ್ಟುಕೊಂಡೆ.

ಈ ವಾರಾಂತ್ಯ ರಿಗ್ಗರ್ ಒಬ್ಬರನ್ನು ಕರೆದುಕೊಂಡು ಹೋಗಿ ಅಳೆಸಿದೆವು. ಮಾಸ್ಟ್‌ನ ಮೇಲಿನ ಫಲಕದವರೆಗೆ 63 ಅಡಿ 5 ಇಂಚು. ಮೂರು ಬಣ್ಣದ ದೀಪ ಮತ್ತು ಲಂಗರುದೀಪ ಸೇರಿದ ಡಬ್ಬಿ 7 ಇಂಚು, ಅಲ್ಲಿಗೆ ಸರಿಯಾಗಿ 64 ಅಡಿ. ಗಾಳಿಯಂತ್ರ ಅದಕ್ಕಿಂತ ಎತ್ತರ, ಆಂಟೆನಾ 3 ಅಡಿ. ದೋಣಿ ಈಗ ಖಾಲಿ ಇದೆ.

ಲಂಗರು

ಹಾಗಾದರೆ ಪಟ್ಟಿಯ ಅಂಕಿಗೂ ನಿಜಕ್ಕೂ ಆಂಟೆನಾ ಬಿಟ್ಟರೂ 9 ಇಂಚು ವ್ಯತ್ಯಾಸ. ಅಳೆಸಿದ್ದು ಸಾರ್ಥಕವಾಯಿತು.

ದೀಪದ ಡಬ್ಬಿಯನ್ನು ಈ ಪ್ರಯಾಣಕ್ಕೆ ಬಿಚ್ಚಿಡಿ. ಮೂರು ಬಣ್ಣದ ಮಾಸ್ಟ್‌ದೀಪ ಇರುವುದು ಬರೀ ಹಾಯಿಯಲ್ಲಿ ಸಾಗುವಾಗ ಹಚ್ಚಲು. ಎಂಜಿನ್ ಓಡಿಸುವಾಗ ಅದನ್ನು ಹಚ್ಚುವಂತೆಯೇ ಇಲ್ಲ, ಕೆಳಗಿನ ಪಕ್ಕದೀಪ, ಹಿಂದೀಪ ಮತ್ತು ಮಾಸ್ಟ್‌ನ ಮುಂಭಾಗದ ಬಿಳಿದೀಪ ಹಚ್ಚಬೇಕು. ಒಳದಾರಿಯಲ್ಲಿ ನೀವು ಹೆಚ್ಚುಕಡಿಮೆ ಪೂರ್ತಿ ಎಂಜಿನ್ ಮೇಲೆಯೇ ಹೋಗುವುದು. ಲಂಗರು ಹಾಕಿದಾಗ ಸುತ್ತಲೂ ಕಾಣುವ ಬಿಳಿದೀಪವನ್ನು ಮುಂದಿನ ಸ್ಟೇಗೆ ಕಟ್ಟಿ ತೂಗುಹಾಕಿದರೆ ನಿಯಮಕ್ಕೂ ಸರಿ, ಹತ್ತಿರ ಬರುವ ಸಣ್ಣ ದೋಣಿಗಳಿಗೂ ಚೆನ್ನಾಗಿ ಕಾಣುತ್ತದೆ.

ಗಾಳಿಯಂತ್ರವನ್ನೂ ಬಿಚ್ಚಿ, ಅದು ತಗಲಿದರೆ ಉಳಿಯುವುದಿಲ್ಲ. ಆಂಟೆನಾ ಬಳುಕುವ ಉಕ್ಕಿನ ತಂತಿಯದಾಗಿದ್ದರೆ ಗರ್ಡರಿಗೆ ಟಿಣ್ ಟಿಣ್ ಎಂದು ಬಡಿದುಕೊಂಡು ಹೋಗುತ್ತದೆ. ಅದನ್ನು ಹಾಗೇ ಬಿಡುವವರು ಬಹಳ. ಫೈಬರ್ ಗ್ಲಾಸಿನದಾಗಿದ್ದರೆ ಇಳಿಸಿ.

ಮೂಡಣ

ಆಂಟೆನಾ ಹಿಂಬದಿಯ ಕಂಬಿಗೆ ಹಾಕಿಕೊಂಡರೆ ರೇಡಿಯೋ ಕೇಳಿಸುತ್ತದೆಯೇ?

ಲಂಗರು

ದೂರ ಕಡಿಮೆಯಾಗುತ್ತದೆ. ಅಡಿಯಲ್ಲಿ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ರೇಡಿಯೋ ದಿಗಂತ. 64 ಅಡಿಗೆ 10 ಮೈಲಿ, 10 ಅಡಿಗೆ 4 ಮೈಲಿ. ಎದುರಿನವರ ಆಂಟೆನಾದ ಲೆಕ್ಕ ಇದಕ್ಕೆ ಸೇರುತ್ತದೆ. ಒಳದಾರಿಯಲ್ಲಿ ಸೇತುವೆಯವರನ್ನು ಕರೆಯಲು ಧಾರಾಳ ಸಾಕು. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾದಲ್ಲಿ ಚಾನಲ್ 13, ಸೌತ್ ಕ್ಯಾರೊಲೈನಾದಿಂದ ಕೆಳಗೆ 9. ಅಂದಹಾಗೆ, ತೆರೆಯುವ ಸೇತುವೆಗಳಲ್ಲೂ ಇಳಿಸಬಹುದಾದ ಆಂಟೆನಾದಂಥವನ್ನು ಇಳಿಸಿದರೆ ದಾಟಲು ಸಾಕಾಗುವುದಾದರೆ ತೆರೆಯಲು ಕೇಳಬಾರದು ಎಂಬುದು ಫೆಡರಲ್ ನಿಯಮ.

ತೆಂಕಣಗಾಳಿ

ಇನ್ನೂ ಯಾರೂ ಎರಡು ಸೇತುವೆಗಳ ಹೆಸರೆತ್ತಿಲ್ಲ. ಎಲ್ಲವೂ 65 ಎನ್ನುವುದು ನಿಜವಲ್ಲ.

ಮಯಾಮಿಯ ಜೂಲಿಯಾ ಟಟಲ್ ಕಾಸ್‌ವೇ, 1959ರದು, 56 ಅಡಿ. ನಿಮ್ಮ ಮಾಸ್ಟ್‌ಗೆ ಅಲ್ಲಿ ಯಾವ ಇಳಿತದಲ್ಲೂ ದಾರಿಯಿಲ್ಲ, ಏಕೆಂದರೆ ಅಲ್ಲಿನ ಉಬ್ಬರ ಇಳಿತವೇ ಸುಮಾರು 2 ಅಡಿ. ಫೋರ್ಟ್ ಲಾಡರ್‌ಡೇಲ್‌ನ ಪೋರ್ಟ್ ಎವರ್‌ಗ್ಲೇಡ್ಸ್‌ನಿಂದ ಹೊರಗೆ ಬಂದು ಮಯಾಮಿಯ ಬಂದರುದಾರಿಯಾದ ಗವರ್ನ್‌ಮೆಂಟ್ ಕಟ್‌ನಲ್ಲಿ ಒಳಹೊಕ್ಕರಾಯಿತು. ಸುಮಾರು 20 ನಾಟಿಕಲ್ ಮೈಲಿ, ಹಗಲಲ್ಲೇ ಮುಗಿಯುವ ದಾರಿ. ಉತ್ತರದ ಗಾಳಿ ಜೋರಾಗಿದ್ದ ದಿನ ಮಾತ್ರ ಬೇಡ, ಗಲ್ಫ್ ಸ್ಟ್ರೀಮ್‌ಗೆ ಎದುರಾಗಿ ಬೀಸಿದಾಗ ಸಮುದ್ರ ಕೆಟ್ಟದಾಗಿ ಎದ್ದಿರುತ್ತದೆ.

ಇನ್ನೊಂದು ನಾರ್ತ್ ಕ್ಯಾರೊಲೈನಾದ ವಿಲ್ಕರ್ಸನ್ ಸೇತುವೆ, ನಾರ್ಫಕ್‌ನಿಂದ ಎಣಿಸಿದರೆ ಮೈಲಿ 125.9. ಆಲಿಗೇಟರ್ ನದಿಯನ್ನೂ ಪಂಗೊ ನದಿಯನ್ನೂ ಕೂಡಿಸುವ ಕಾಲುವೆಯ ದಕ್ಷಿಣದ ತುದಿಯಲ್ಲಿದೆ. ಇದು 64 ಅಡಿ ಎಂದೇ ದೋಣಿಯವರಲ್ಲಿ ಹೆಸರಾಗಿದೆ. ಇಲ್ಲಿ ಇಳಿತಕ್ಕೆ ಕಾಯುವ ಮಾತೇ ಇಲ್ಲ, ಏಕೆಂದರೆ ಚಂದ್ರನ ಉಬ್ಬರ ಈ ಒಳನಾಡಿಗೆ ಮುಟ್ಟುವುದಿಲ್ಲ. ನೀರನ್ನು ಏರಿಸುವುದೂ ಇಳಿಸುವುದೂ ಗಾಳಿ. ಪೂರ್ವ, ಈಶಾನ್ಯದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಪಾಮ್ಲಿಕೊ ಸೌಂಡಿನ ನೀರು ಪಶ್ಚಿಮದ ದಡದ ನದಿಗಳೊಳಕ್ಕೆ ತುಂಬುತ್ತದೆ. ಪಶ್ಚಿಮದ ಗಾಳಿ ಹಿಡಿದರೆ ಇಳಿಯುತ್ತದೆ. ಜೋರು ಮಳೆಯ ನೀರೂ ಸೇರುತ್ತದೆ. ನಾರ್ಫಕ್ ಕಡೆಯಿಂದ ಇರುವ ಇನ್ನೊಂದು ದಾರಿ, ಡಿಸ್ಮಲ್ ಸ್ವಾಂಪ್ ಕಾಲುವೆಯಲ್ಲಿ ಹೋದರೆ ತಪ್ಪಿಸಬಹುದೇ ಎಂದು ಕೇಳುವವರಿದ್ದಾರೆ. ಆಗದು, ಎರಡು ದಾರಿಗಳೂ ಆಲ್ಬೆಮಾರ್ಲ್ ಸೌಂಡಿನಲ್ಲಿ ಕೂಡಿ ಆಮೇಲೆ ಇದೇ ಕಾಲುವೆಗೆ ಬರುತ್ತವೆ.

ನಿಮ್ಮ 64 ಅಡಿ ಇಲ್ಲಿ ನಡೆಯುವುದಿಲ್ಲ. ದೀಪದ ಡಬ್ಬಿ ಬಿಚ್ಚಿದರೆ 63 ಅಡಿ 5 ಇಂಚು, ಸಾಮಾನು ತುಂಬಿದ ಮೇಲೆ ಇನ್ನೊಂದು ಇಂಚು ಕಡಿಮೆ. 8 ಇಂಚು ಉಳಿಯುತ್ತದೆ, ನೀರು ಸಾಧಾರಣ ಮಟ್ಟದಲ್ಲಿದ್ದರೆ.

ಉಬ್ಬರ

8 ಇಂಚು ನನಗೆ ಸಾಲದು. ಇಡೀ ಪ್ರಯಾಣದಲ್ಲಿ ಒಂದಡಿಗಿಂತ ಕಡಿಮೆ ಇಟ್ಟುಕೊಂಡು ಹೋಗುವವರಿಗೆ ನಾನು ಹೂಂ ಎನ್ನಲಾರೆ. ಚುಕ್ಕಾಣಿಯವರೇ, ಈ ದಾರಿಯಲ್ಲಿ ವರ್ಷವರ್ಷ ಓಡಾಡುವ ಯೋಚನೆ ಇದ್ದರೆ 62 ಅಡಿಯೊಳಗಿನ ಮಾಸ್ಟ್ ಇರುವ ದೋಣಿ ಹುಡುಕಿ. ಈ ಜಲಮಾರ್ಗಕ್ಕೆಂದೇ ಗಿಡ್ಡ ಮಾಸ್ಟ್ ಹಾಕಿದ ದೋಣಿಗಳು ಹಳೆಯ ದೋಣಿಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ.

ತೆಂಕಣಗಾಳಿ

ಗೌರವದಿಂದಲೇ ಭಿನ್ನಾಭಿಪ್ರಾಯ. ಫಲಕ ಓದಿ, ನೀರು ಸಮನಾಗಿರುವಾಗ, ನಿಧಾನವಾಗಿ ಹೋಗುವವರಿಗೆ 6 ಇಂಚು ಸಾಕು. ಕಾಲುವೆಯಲ್ಲಿ ಅಲೆ ಇಲ್ಲ, ಸೆಳೆತವೂ ಬಹಳ ಕಡಿಮೆ. 62 ಅಡಿಯ ಮಾಸ್ಟ್ ಎಂದರೆ ಹಾಯಿಯೂ ಚಿಕ್ಕದಾಗುತ್ತದೆ, ಬಹಾಮಾಸ್‌ಗೆ ಹೋದಾಗ ಮಂದಗಾಳಿಯಲ್ಲಿ ಪ್ರತಿದಿನ ಅದರ ಬೆಲೆ ತೆರಬೇಕು. ನಾನಾದರೆ ದೋಣಿ ಒಳ್ಳೆಯದಿದ್ದರೆ ಇದನ್ನೇ ಕೊಳ್ಳುತ್ತೇನೆ.

ಉಬ್ಬರ

ಹಾಯಿಯ ಮಾತು ಒಪ್ಪುತ್ತೇನೆ. ನನ್ನ ಚಿಂತೆ ಈ ವರ್ಷದ 8 ಇಂಚಿನದ್ದಷ್ಟೇ ಅಲ್ಲ. ಸನ್‌ಸೆಟ್ ಬೀಚ್‌ನ ತೇಲುಸೇತುವೆ 2010ರಲ್ಲಿ ಹೋಗಿ 65 ಅಡಿಯ ಸ್ಥಿರ ಸೇತುವೆ ಬಂತು, ಸರ್ಫ್ ಸಿಟಿಯ ತಿರುಗುವ ಸೇತುವೆ 2018ರಲ್ಲಿ ಹೋಗಿ ಅಲ್ಲೂ 65. ಗಂಟೆಗೊಮ್ಮೆ ತೆರೆಯುವುದಕ್ಕೆ ಕಾಯುವ ಕಷ್ಟ ತಪ್ಪಿದ್ದು ದೊಡ್ಡ ಅನುಕೂಲ, ಇಲ್ಲವೆನ್ನುವುದಿಲ್ಲ. ಆದರೆ ಆ ತೆರೆಯುವ ಸೇತುವೆಗಳಿಗೆ ಎತ್ತರದ ಮಿತಿ ಇರಲಿಲ್ಲ, ಸ್ಥಿರ ಸೇತುವೆ ಒಂದು ಮಿತಿಯನ್ನು ಶಾಶ್ವತವಾಗಿ ಹಾಕುತ್ತದೆ. ಅಮೆರಿಕದಲ್ಲಿ ಸೇತುವೆಗಳನ್ನು 75 ವರ್ಷದ ಬಾಳಿಕೆಗೆ ವಿನ್ಯಾಸ ಮಾಡುತ್ತಾರೆ. ಸಮುದ್ರ ಈಗಿನ ವೇಗದಲ್ಲೇ ಏರಿದರೂ 75 ವರ್ಷಕ್ಕೆ 10 ಇಂಚು. ವೇಗ ಹೆಚ್ಚಿದರೆ ಅದಕ್ಕೂ ಮೇಲೆ. ಇವತ್ತಿನ ನೀರಿನಿಂದ 65 ಎಂದು ಕಟ್ಟಿದರೆ ನಮ್ಮ ಮಕ್ಕಳ ಕಾಲಕ್ಕೆ ಅದು 64. ಸ್ಥಿರ ಸೇತುವೆ ಕಟ್ಟಲು ಕೋಸ್ಟ್ ಗಾರ್ಡ್‌ನ ಪರವಾನಗಿ ಬೇಕು, ಪರವಾನಗಿಗೆ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಹೊಸ ಸೇತುವೆಯ ಪ್ರಕಟಣೆ ಬಂದಾಗ ದಯವಿಟ್ಟು ಬರೆಯಿರಿ. ಉಕ್ಕು ಕೂಡಿಸಿದ ಮೇಲೆ ಅದನ್ನು ಮೇಲೆತ್ತಲು ಬರುವುದಿಲ್ಲ.

ಪಡುವಲ

ಉಬ್ಬರ ಅವರ ಮಾತಿಗೆ ನನ್ನ ಬೆಂಬಲ.

ವಿದ್ಯುತ್ ತಂತಿಗಳ ಬಗ್ಗೆಯೂ ಒಂದು ಮಾತು. ನದಿ ದಾಟುವ ತಂತಿಗಳನ್ನು ಸೇತುವೆಗೆ ಬೇಕಾದ ಎತ್ತರಕ್ಕಿಂತ 20 ಅಡಿ ಮೇಲೆ ಇರಿಸಬೇಕು, 115 ಕಿಲೋವೋಲ್ಟ್‌ಗಿಂತ ಹೆಚ್ಚಿದ್ದರೆ ಇನ್ನೂ ಮೇಲೆ. ಹಾಗಾಗಿ ಮುಖ್ಯ ದಾರಿಯಲ್ಲಿ ಭಯವಿಲ್ಲ. ಲಂಗರು ಹಾಕಲೆಂದು ಪಕ್ಕದ ಸಣ್ಣ ತೊರೆಯೊಳಗೆ ಹೋಗುವಾಗ ಮಾತ್ರ ನಕ್ಷೆಯಲ್ಲಿ ತಂತಿಯ ಎತ್ತರ ನೋಡದೆ ಹೋಗಬೇಡಿ. ಸೇತುವೆ ತಗಲಿದರೆ ಮಾಸ್ಟ್ ಹೋಗುತ್ತದೆ. ತಂತಿಯಾದರೆ ಮುಟ್ಟುವುದೂ ಬೇಡ, ಹತ್ತಿರ ಹೋದರೆ ಸಾಕು ವಿದ್ಯುತ್ ಹಾರಿ ಅಲ್ಯೂಮಿನಿಯಂ ಮಾಸ್ಟ್‌ನಲ್ಲಿ ಇಳಿಯುತ್ತದೆ, ಡೆಕ್ಕಿನ ಮೇಲಿರುವವರ ಜೀವಕ್ಕೇ ಅಪಾಯ.

ಚುಕ್ಕಾಣಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇಬ್ಬರೂ ಕುಳಿತು ಯೋಚಿಸಿದೆವು. ದೋಣಿ ಕೊಳ್ಳುತ್ತಿದ್ದೇವೆ, ದೀಪದ ಡಬ್ಬಿ ಮತ್ತು ಗಾಳಿಯಂತ್ರ ಬಿಚ್ಚಿಸಿಯೇ ಹೊರಡುತ್ತೇವೆ. ತೆಂಕಣಗಾಳಿಯವರೇ, ವಿಲ್ಕರ್ಸನ್ ಹತ್ತಿರ ಹೋದ ಮೇಲೆ ಫಲಕದಲ್ಲಿ ಜಾಗ ಸಾಲದು ಎಂದು ಕಂಡರೆ ಎಲ್ಲಿ ನಿಲ್ಲುವುದು?

ತೆಂಕಣಗಾಳಿ

ಅಲ್ಲಿ ನಿಲ್ಲಲು ಜಾಗವಿಲ್ಲ, ಅದೇ ತೊಡಕು. ಕಾಲುವೆ 20 ಮೈಲಿ ಉದ್ದ, ಇಕ್ಕಟ್ಟು, ಅಂಚುಗಳಲ್ಲಿ ಮರದ ಬೊಡ್ಡೆಗಳು ಮುಳುಗಿರುತ್ತವೆ, ಟಗ್‌ಗಳೂ ಬಾರ್ಜ್‌ಗಳೂ ಓಡಾಡುತ್ತವೆ. ಉತ್ತರದಿಂದ ಬರುವವರಿಗೆ ವಿಲ್ಕರ್ಸನ್ ಸಿಗುವುದು ಕಾಲುವೆಯ ಕೊನೆಯಲ್ಲಿ. ಆದ್ದರಿಂದ ತೀರ್ಮಾನ ಅದಕ್ಕೂ ಮೊದಲೇ ಆಗಬೇಕು.

ಕಾಲುವೆಗೆ ಹೊಗುವ ಹಿಂದಿನ ರಾತ್ರಿ ಆಲಿಗೇಟರ್ ನದಿಯ ದಕ್ಷಿಣದ ತುದಿಯಲ್ಲಿ ಲಂಗರು ಹಾಕಿ. ಹಿಂದಿನ ಎರಡು ದಿನ ಗಾಳಿ ಯಾವ ಕಡೆಯಿಂದ ಬೀಸಿತು ನೋಡಿ. ಪೂರ್ವದಿಂದ ಜೋರಾಗಿ ಬೀಸಿದ್ದರೆ ಅಲ್ಲೇ ಉಳಿಯಿರಿ. ಇಲ್ಲವಾದರೆ ಬೆಳಗ್ಗೆ ಬೇಗ ಹೊರಡಿ. ಮೈಲಿ 113.9ರಲ್ಲಿ ಫೇರ್‌ಫೀಲ್ಡ್ ಸೇತುವೆ ಮೊದಲು ಸಿಗುತ್ತದೆ. ವಿಲ್ಕರ್ಸನ್‌ಗಿಂತ 12 ಮೈಲಿ ಹಿಂದೆ, ಅದೇ ಕಾಲುವೆಯ ನೀರು. ಅಲ್ಲಿನ ಫಲಕ ಓದಿ. 65 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮುಂದುವರಿಯಿರಿ, ವಿಲ್ಕರ್ಸನ್‌ನಲ್ಲಿ ಹತ್ತಿರಹತ್ತಿರ 64 ಸಿಗುತ್ತದೆಂದು ನಿರೀಕ್ಷಿಸಬಹುದು. ಅಲ್ಲಿಗೆ ಹೋದ ಮೇಲೆ ಅಲ್ಲಿನ ಫಲಕವನ್ನು ಮತ್ತೆ ಓದಿಯೇ ದಾಟಬೇಕು.

ಚುಕ್ಕಾಣಿ

ಫೇರ್‌ಫೀಲ್ಡ್‌ನಲ್ಲಿ 64 ಎಂದಿದ್ದರೆ?

ತೆಂಕಣಗಾಳಿ

ಅಲ್ಲಿಂದಲೇ ತಿರುಗಿ. ಲಂಗರಿನ ಜಾಗಕ್ಕೆ ಹಗಲಲ್ಲೇ ಮರಳಬಹುದು. ಗಾಳಿ ಪಶ್ಚಿಮಕ್ಕೆ ತಿರುಗಿ ಒಂದು ದಿನ ಕಳೆದ ಮೇಲೆ ಮತ್ತೆ ಹೋಗಿ ಓದಿ.